ದಡ ಕಾಣದ ನೀರು

ಚಟ್ಟ ಇನ್ನೇನು ಹೆಗಲಿಗೇರಬೇಕು, ಅಷ್ಟರಲ್ಲಿ ದಾವಿಚೊ "ಇಳಿಸ್ರೋ, ಇಳಿಸಿ" ಎಂದು ಕೂಗಿದ. ಸಲೋನಿಕ ಬಂದರಿನ ಯಹೂದಿಗಳ ಹೆಣ ತೊಳೆದು ಮಣ್ಣಿಗೆ ಮುಟ್ಟಿಸುವವರಿಗೆಲ್ಲ ಅವನೇ ಹಿರಿಯ. ಹೊತ್ತವರು ಗೊಣಗುತ್ತಲೇ ಇಳಿಸಿದರು. ಬಿಳಿ ಬಟ್ಟೆಯೊಳಗೆ ಮಲಗಿದ್ದವರು ಧರ್ಮಗುರು ಹಖಾಮ್ ಬಾರ್ಜಿಲಾಯ್. ಧರ್ಮಶಾಸ್ತ್ರದಲ್ಲಿ ಅವರ ಮಾತೇ ಊರಿಗೆ ಕೊನೆಯ ಮಾತು. ಅವರು ಕಟ್ಟಿದ ಹಾಡಿಲ್ಲದೆ ಮಹಾ ಉಪವಾಸದ ಸಂಜೆ ಮುಗಿಯುತ್ತಲೇ ಇರಲಿಲ್ಲ.

"ಇನ್ನೇನಪ್ಪಾ ನಿಂದು?" ಎಂದು ಹೊರುವವನೊಬ್ಬ ರೇಗಿದ.

"ಗುರುಗಳ ಪರವಾಗಿ ಎಲ್ಲರ ಹತ್ರಾನೂ ಕ್ಷಮೆ ಕೇಳಿದ್ದಾಯ್ತು. ಜೋಯಕ್ಕ ಮಾತ್ರ ಬಾಯಿ ಬಿಟ್ಟಿಲ್ಲ. ಅವಳು ಹೇಳೋ ತನಕ ನನ್ನನ್ನ ಎತ್ತಬೇಡ ಅಂತ ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು ಹೇಳಿದಾರೆ."

ಎಲ್ಲರೂ ತಿರುಗಿ ನೋಡಿದರು. ಮುದುಕಿ ಜೋಯಾ ಅಂಗಳದ ಬಾವಿಯ ಪಕ್ಕ ಸೆಟೆದು ನಿಂತಿದ್ದಳು.

"ಅಕ್ಕಾ, ಮೂರು ಸಲ 'ಕ್ಷಮಿಸಿದೆ' ಅಂದ್ಬಿಡು. ಕತ್ತಲಾಗೋದ್ರೊಳಗೆ ಮಣ್ಣು ಮಾಡ್ಬೇಕು."

"ಇವರು ಸತ್ತಿದಾರೆ ಅಂತ ಯಾರು ಹೇಳಿದ್ದು?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ನಾನೇ ತೊಳೆದಿದೀನಲ್ಲೇ ನಮ್ಮವ್ವಾ!"

"ನಾನು ನೋಡಿಲ್ಲವಲ್ಲ. ಮುಖ ನೋಡದೆ ಸತ್ತ ಅನ್ನೋ ಹಾಗಿಲ್ಲ. ನಂಗೆ ಅದನ್ನ ಕಲಿಸಿದೋರೇ ಇವರು."

*

ಆಗ ಅವಳಿನ್ನೂ ಹೊಸ ಮದುವಣಗಿತ್ತಿ, ಹಖಾಮರ ಗಡ್ಡವೂ ಕಪ್ಪು. ಅವಳ ಗಂಡ ಬೊಹೊರ್ ಮೀನಿಗೆ ಹೋಗಿದ್ದ. ದೋಣಿ ಮಗುಚಿದ್ದನ್ನೂ ಅವನು ಮುಳುಗಿದ್ದನ್ನೂ ಜೊತೆಯವರು ಕಣ್ಣಾರೆ ಕಂಡರು. ಹೆಣ ಮಾತ್ರ ಸಿಗಲಿಲ್ಲ.

"ಕೆರೆಯಾಗಿದ್ರೆ ಸುತ್ತಲೂ ದಡ ಕಾಣುತ್ತೆ, ಎದ್ದು ಬರಲಿಲ್ಲ ಅಂತ ಹೇಳ್ಬಹುದು," ಎಂದಿದ್ದರು ಹಖಾಮರು. "ಸಮುದ್ರಕ್ಕೆ ಆ ಕಡೆ ದಡ ಕಾಣಲ್ಲ ಮಗಳೇ. ಎಲ್ಲೋ ಎದ್ದಿರಬಹುದು. ನೀನು ಇನ್ನೊಬ್ಬನನ್ನ ಮದುವೆ ಆಗೋ ಹಾಗಿಲ್ಲ."

"ಮದುವೆ ಹಾಳಾಗ್ಲಿ. ಸತ್ತೋರ ಮನೆಯವರ ಹಾಗೆ ನೆಲದ ಮೇಲೆ ಕೂತು ಅಳ್ಲಾ?"

"ಸತ್ತ ಅಂತ ಆಗದೆ ಸೂತಕ ಇಲ್ಲ."

ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಅವಳ ತಲೆ ನರೆಯಿತು, ಬೊಹೊರನಿಗೆ ಮಾತ್ರ ವಯಸ್ಸಾಗಲಿಲ್ಲ. ಸಂಜೆಯಾದರೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಾಗಿಲು ತೆಗೆದರೆ ಯಾರೂ ಇಲ್ಲ, ಹೊಸ್ತಿಲು ಒದ್ದೆ. "ಒಣ ಅಂಗಿ ಕೊಡೇ," ಎಂದು ಕಿವಿಯ ಹತ್ತಿರವೇ ಕೇಳುತ್ತಿದ್ದ. ಅವನು ಬಂದರೆ ಅವಳಿಗೆ ಭಯ, ಬಾರದಿದ್ದರೆ ಇನ್ನೂ ಭಯ. ಇದನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹುಚ್ಚಿ ಎಂದಾರು ಎಂಬ ಅಂಜಿಕೆ.

*

ಹಖಾಮರ ಮಗಳು ರೇಯ್ನಾ ಎದ್ದು ಬಂದಳು. ಸೂತಕದವರ ಪದ್ಧತಿಯಂತೆ ಅವಳ ಕುಪ್ಪಸದ ಕೊರಳು ಹರಿದಿತ್ತು.

"ಅಪ್ಪ ದಿನಾ ಸಂಜೆ ಎದ್ದು ಬಾಗಿಲು ತೆಗೀತಿದ್ರು ಜೋಯಕ್ಕ. ಯಾರೂ ಇರ್ತಿರಲಿಲ್ಲ. 'ನೆನೆದು ನಿಂತಿದಾನೆ, ಒಣ ಅಂಗಿ ಕೇಳ್ತಿದಾನೆ, ಕೊಡ್ರೇ' ಅಂತಿದ್ರು. ನಾವು ಅರಳುಮರಳು ಅಂದ್ಕೊಂಡ್ವಿ."

ಜೋಯಾ ಬಾವಿಯ ಪಕ್ಕದಿಂದ ಚಟ್ಟದ ಹತ್ತಿರ ಬಂದಳು. ಈ ಮನೆಗೂ ಬರುತ್ತಿದ್ದನೇ ಬೊಹೊರ್! ಅವಳಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಆ ಮುದುಕನ ಮೇಲೆ ಮೊದಲ ಬಾರಿಗೆ ಅಯ್ಯೋ ಎನಿಸಿತು.

ದಾವಿಚೊ ಬೇಡಬೇಡವೆನ್ನುತ್ತಿದ್ದಂತೆಯೇ ರೇಯ್ನಾ ಮುಖದ ಬಟ್ಟೆ ಸರಿಸಿದಳು. ಜೋಯಾ ಬಗ್ಗಿ ನೋಡಿದಳು, ತುಂಬಾ ಹೊತ್ತು.

"ಹೌದು. ಸತ್ತಿದಾರೆ. ಕ್ಷಮಿಸಿದೆ. ಕ್ಷಮಿಸಿದೆ." ಮೂರನೆಯ ಸಲ ತುಟಿಯಷ್ಟೇ ಅಲುಗಿತು. ನೆಟ್ಟಗಾದವಳೇ ತನ್ನ ಕೊರಳಪಟ್ಟಿಗೆ ಕೈ ಹಾಕಿ ಪರ್ರನೆ ಹರಿದಳು.

"ಏನೇ ಇದು! ನೀನೇನು ಮನೆಯೋಳಾ?"

"ಗುರು ಸತ್ರೆ ಎಲ್ಲರೂ ಮನೆಯೋರೇ ಕಣೋ ದಾವಿಚೊ," ಎಂದ ಒಬ್ಬ ಮುದುಕ. "ಹರ್ಕೊಳ್ಳಿ ಬಿಡು."

ಗಂಡಸರು ಚಟ್ಟವೆತ್ತಿಕೊಂಡು ಹೋದರು. ಹೆಂಗಸರು ಒಳಗೆ ಬಂದರು. ಸೂತಕದವರ ಮೊದಲ ಊಟ ಅಕ್ಕಪಕ್ಕದವರ ಮನೆಯದು. ನೆರೆಮನೆಯ ವಿದಾ ಬೇಯಿಸಿದ ಮೊಟ್ಟೆಗಳ ತಟ್ಟೆ ತಂದು, ನೆಲದ ಮೇಲಿದ್ದ ರೇಯ್ನಾಳಿಗೆ ಒಂದು ಕೊಟ್ಟಳು. ಪಕ್ಕದಲ್ಲಿ ಜೋಯಾ ಅವಳಂತೆಯೇ ಕೆರ ಬಿಚ್ಚಿಟ್ಟು ಬರಿಗಾಲಲ್ಲಿ ಕೂತಿದ್ದಳು, ಕೈ ಚಾಚಿ.

"ಇದು ಸೂತಕದೋರಿಗೆ ಜೋಯಕ್ಕ. ನಿಂಗೆ ಯಾರು ಹೋದ್ರು ಅಂತ ಕೊಡ್ಲಿ?"

"ನನ್ನ ಗಂಡ."

ವಿದಾ ರೇಯ್ನಾಳ ಮುಖ ನೋಡಿದಳು. ರೇಯ್ನಾ ಗೋಡೆಯ ಕಡೆ ಸರಿದು ಜೋಯಳಿಗೆ ಇನ್ನಷ್ಟು ಜಾಗ ಮಾಡಿದಳು. ವಿದಾ ಬಗ್ಗಿ, ಇನ್ನೂ ಬಿಸಿ ಆರದ ಮೊಟ್ಟೆಯೊಂದನ್ನು ಆ ಅಂಗೈಯಲ್ಲಿಟ್ಟಳು.