ಹೆಣೆಯುವವರಿಲ್ಲದ ಬುಟ್ಟಿ

೧೯೬೪ರ ಮಳೆಗಾಲದಲ್ಲಿ ಅಜ್ಜಂಪುರದ ಮೇದರ ಕೆಂಚಮ್ಮನ ಮೂರು ವರ್ಷದ ಮಗಳಿಗೆ ಎರಡು ದಿನ ಜ್ವರ ಬಂದು ಬಲಗಾಲು ಸ್ವಾಧೀನ ತಪ್ಪಿ ಬಿದ್ದುಹೋಯಿತು. ಅತ್ತೆ ಹುಲಿಗೆಮ್ಮ ಕಾರಣಕ್ಕಾಗಿ ದೂರ ಹುಡುಕಲಿಲ್ಲ. ಹೆಣಿಗೆಯನ್ನು ಅರ್ಧಕ್ಕೆ ಬಿಟ್ಟು ಏಳಬಾರದೆಂಬುದು ಆ ಮನೆಯ ಕಟ್ಟಳೆ. ಜ್ವರದ ಹಿಂದಿನ ದಿನ ಸೊಸೆ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯೊಂದನ್ನು ಅರ್ಧ ಹೆಣೆದಿಟ್ಟು ನೀರಿಗೆ ಹೋಗಿದ್ದಳು. ದೀಪಾವಳಿ ಕಳೆದ ಮೇಲೆ ಅವಳನ್ನೂ ಮಗುವನ್ನೂ ತವರು ಸಿಂಗಟಗೆರೆಗೆ ಅಟ್ಟುವುದೆಂದು ತೀರ್ಮಾನವಾಯಿತು. ಗಂಡ ಬೆನಕಪ್ಪ ಬೇಡವೆನ್ನಲಿಲ್ಲ.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ತೀರ್ಥಪ್ಪ ಪುಸ್ತಕ ಹಿಡಿದು ಬಂದದ್ದು ಆಗಲೇ. ಕಡೂರಿನ ವಸ್ತುಪ್ರದರ್ಶನಕ್ಕೆ ಬಿದಿರಿನ ಟೊಳ್ಳು ಚೆಂಡೊಂದು ಬೇಕಿತ್ತು. ಪುಸ್ತಕದ ಚಿತ್ರ ತೋರಿಸಿ, ಚೆಂಡು ಹೀಗಿರಬೇಕು, ಇದು ಪೋಲಿಯೋ ವೈರಸ್ಸಿನ ಚಿಪ್ಪು, ಮಗುವಿನ ಕಾಲು ತಿಂದದ್ದು ಇದೇ ಎಂದರು. ಪ್ರೋಟೀನಿನ ಪುಟ್ಟ ತುಣುಕುಗಳು ಮೈಯೊಳಗೆ ಒಂದಕ್ಕೊಂದು ಕಚ್ಚಿಕೊಂಡು ಗೂಡಾಗುತ್ತವೆ, ರೋಗದ ಎಳೆ ಅದರೊಳಗೆ ಸುತ್ತಿಕೊಂಡಿರುತ್ತದೆ ಎಂದು ವಿವರಿಸಿದರು.

"ಹೆಣೆಯೋರು ಯಾರು?" ಕೆಂಚಮ್ಮ ಕೇಳಿದಳು.

"ಯಾರೂ ಇಲ್ಲಮ್ಮ. ತಾವೇ ಸೇರ್ಕೊಳ್ತವೆ."

ಯಾರ ಕೈಯೂ ಇಲ್ಲ. ಹಾಗಾದರೆ ತನ್ನ ಕೈಯೂ ಇಲ್ಲ. ಇದನ್ನೇ ನೀವು ನನ್ನ ಅತ್ತೆಯ ಮುಂದೆ ಒಂದು ಸಲ ಹೇಳಿ, ಚೆಂಡಿಗೆ ಕೂಲಿಯೆಂದು ಬೇರೇನೂ ಕೊಡಬೇಡಿ ಎಂದು ಮೇಷ್ಟ್ರನ್ನು ಕೇಳಿಕೊಂಡಳು. ಅವರು ಒಪ್ಪಿದರು.

ಬಿದಿರಿನ ಸೀಳು ಅಣಿಮಾಡಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಗ್ಗೆ ಹೆಣೆಯಲು ಕೂತವಳು ಏಳಲಿಲ್ಲ. ಬರೀ ಆರು ಮೂಲೆಯ ಕಣ್ಣು ಹಾಕಿದರೆ ಹೆಣಿಗೆ ಚಾಪೆಯಂತೆ ಮಲಗುತ್ತದೆ. ನಡುನಡುವೆ ಐದು ಮೂಲೆಯ ಕಣ್ಣು ಬಿದ್ದರೆ ಬಾಗುತ್ತದೆ. ಇದು ಅವಳ ಬೆರಳಿಗೆ ಮೊದಲೇ ಗೊತ್ತಿತ್ತು. ಮೇಷ್ಟ್ರು ಬಂದು ಐದು ಮೂಲೆಯ ಕಣ್ಣು ಹನ್ನೊಂದು ಎಣಿಸಿದರು. ಹನ್ನೆರಡನೆಯದು ಬಿದ್ದರೆ ಚೆಂಡು ಮುಚ್ಚಿಕೊಳ್ಳುತ್ತಿತ್ತು.

ಕೊಟ್ಟ ಮಾತಿನಂತೆ ಅವರು ಹುಲಿಗೆಮ್ಮನಿಗೂ ಬೆನಕಪ್ಪನಿಗೂ ಎಲ್ಲ ಹೇಳಿದರು. ಮುದುಕಿ ಬಿದಿರಿನ ದಬ್ಬೆ ಸೀಳುತ್ತಲೇ ಕೇಳಿಸಿಕೊಂಡಳು.

"ಹೆಣೆಯೋರಿಲ್ದೆ ಬುಟ್ಟಿ ಆಗೋದಾದ್ರೆ ನಾವ್ಯಾಕೆ ಮೂರು ತಲೆಯಿಂದ ಬೆರಳು ಕುಯ್ಕೊಂಡು ಕುಂತಿದ್ವಿ, ಸ್ವಾಮಿ?"

ಬೆನಕಪ್ಪ ನಕ್ಕುಬಿಟ್ಟ. ಮಗುವಿನ ಕಾಲು ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

"ಮೇಷ್ಟ್ರಿಗೆ ನನ್ ಸೊಸೆ ಮ್ಯಾಲೆ ಭಾರಿ ಮರುಕ" ಎಂದು ಹುಲಿಗೆಮ್ಮ ಸೇರಿಸಿದಳು. ತೀರ್ಥಪ್ಪನವರು ಪುಸ್ತಕ ಮಡಿಚಿ, ಚೆಂಡಿಗೆ ಸಂಜೆ ಆಳು ಕಳಿಸುತ್ತೇನೆಂದು ಹೊರಟರು.

ಕೆಂಚಮ್ಮ ಕೊನೆಯ ಕಣ್ಣು ಹಾಕಲಿಲ್ಲ. ಸೀಳುಗಳು ಜೋತಾಡುತ್ತಿದ್ದ ಚೆಂಡನ್ನು ಅತ್ತೆಯ ಕಾಲ ಬಳಿ ಇಟ್ಟು, ಮಗುವನ್ನು ಕಂಕುಳಿಗೇರಿಸಿ, ತವರಿನ ದಾರಿಯ ಬೀರೂರಿನ ಬಸ್ಸಿಗೆ ನಡೆದಳು. ಯಾರೂ ತಡೆಯಲಿಲ್ಲ.

ಬಸ್ಸು ಹೊರಡುವ ಮೊದಲೇ ಹುಲಿಗೆಮ್ಮ ಚೆಂಡನ್ನು ತೊಡೆಗೆ ಎಳೆದುಕೊಂಡು ಹನ್ನೆರಡನೆಯ ಕಣ್ಣನ್ನು ಹೆಣೆದು ಮುಚ್ಚಿದ್ದಳು. ಅರ್ಧ ಹೆಣಿಗೆ ಮನೆಯಲ್ಲಿರಬಾರದು.