ಕಲರ್ ಅಂದರೆ ಬಣ್ಣವಲ್ಲ

ಪೋಕರ್‌ನಲ್ಲಿ ನನಗಿರುವುದು ಒಂದೇ ಕಾಯಿಲೆ. ಒಂದೇ ಜಾತಿಯ ನಾಲ್ಕು ಎಲೆ ಬಂದರೆ ಸಾಕು, ಐದನೆಯದೂ ಬಂದೇ ಬರುತ್ತದೆಂದು ಕೂತುಬಿಡುತ್ತೇನೆ. ಐದೂ ಕೂಡಿದರೆ ಅದಕ್ಕೆ ನಾವು ಕಲರ್ ಎನ್ನುತ್ತೇವೆ. ಹತ್ತು ಸಲ ಕಾದರೆ ಎರಡು ಸಲ ಕೂಡುತ್ತದೆ. ಉಳಿದ ಎಂಟು ಸಲ ಅತ್ತೆ ನನ್ನ ಮುಂದಿನ ಗುಂಡಿಗಳನ್ನೆಲ್ಲ ಬಾಚಿಕೊಳ್ಳುತ್ತಾರೆ. ಗುಂಡಿ ಎಂದರೆ ಅಂಗಿಯ ಗುಂಡಿಯೇ. ನಮ್ಮದು ಹೊಲಿಗೆ ಅಂಗಡಿ. ಮಾವ ಬಟ್ಟೆ ಕತ್ತರಿಸುತ್ತಾರೆ, ಅತ್ತೆ ಮತ್ತು ನಾನು ಹೊಲಿಯುತ್ತೇವೆ. ರಜೆಯ ಮಧ್ಯಾಹ್ನ ಕತ್ತರಿಸುವ ಮೇಜಿನ ಮೇಲೆಯೇ ಆಟ.

"ಇರೋದ್ರಲ್ಲಿ ಆಡೋದು ಕಲಿ," ಎನ್ನುತ್ತಾರೆ ಅತ್ತೆ. "ಬಟ್ಟೆ ಆಮೇಲೆ ಬರುತ್ತೆ ಅಂತ ಯಾರಾದ್ರೂ ಈಗ್ಲೇ ಕತ್ತರಿ ಆಡಿಸ್ತಾರಾ?"

ಆ ದಿನ ಪಣಕ್ಕಿಟ್ಟದ್ದು ಗುಂಡಿಯಲ್ಲ, ಕಿಟಕಿ. ಅಂಗಡಿಗೆ ಇರುವುದು ಒಂದೇ ಕಿಟಕಿ, ಅದರ ಪಕ್ಕದ ಜಾಗ ಅತ್ತೆಯ ಮಿಷಿನ್ನಿನದು. ನನ್ನದು ಗೋಡೆಯ ಕಡೆ, ಇಸ್ತ್ರಿಯ ಬಿಸಿಗೆ ಬೆನ್ನು ಕೊಟ್ಟು. ಜಾಗ ಬದಲಿಸಿ ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಸಿಟ್ಟು ನೆತ್ತಿಗೇರಿ, "ಆಟದಲ್ಲೇ ತೀರ್ಮಾನ ಆಗ್ಲಿ," ಎಂದೆ. ಅತ್ತೆ ಹೂಂ ಎಂದರು. ನನಗೆ ಪೋಕರ್ ಕಲಿಸಿದವರೇ ಅವರು, ಹೂಂ ಎನ್ನದೆ ಇನ್ನೇನು?

ಮಾವ ಐದೈದು ಎಲೆ ಹಂಚಿದರು. ನನಗೆ ನಾಲ್ಕು ಕಳಾವರ್, ಅದರಲ್ಲಿ ಎಕ್ಕವೂ ಇತ್ತು. ಜೊತೆಗೊಂದು ದಿಕ್ಕಿಲ್ಲದ ಇಸ್ಪೀಟ್. ಅದನ್ನು ಬಿಸಾಕಿ ಬದಲಿಗೆ ಒಂದು ಎಲೆ ಕೇಳಿದೆ.

"ನಂಗೂ ಒಂದೇ," ಎಂದರು ಅತ್ತೆ. ಅರೆ, ಇವರೂ ಕಾಯುವವರ ಗುಂಪಿಗೆ ಸೇರಿದರಲ್ಲ!

ನನಗೆ ಬಂದದ್ದು ಆಟಿನ್ ಏಳು. ಹೋಯಿತು ಕಿಟಕಿ ಎಂದುಕೊಂಡೆ. ಅತ್ತೆ ತಮ್ಮ ಐದೂ ಎಲೆಗಳನ್ನು ಠೀವಿಯಿಂದ ಹಾಸಿದರು. "ಕಲರ್!"

ನಾಲ್ಕು ಆಟಿನ್, ಒಂದು ಡೈಮಂಡ್. ದೊಡ್ಡ ಎಲೆಯೆಂದರೆ ರಾಣಿ. ಅವರದೂ ಕೂಡಿರಲಿಲ್ಲ, ನನ್ನ ಎಕ್ಕವೇ ಮೇಲು. ಮಾವ ನೋಡಿಯೂ ನೋಡದವರಂತೆ ಕತ್ತರಿ ಒರೆಸತೊಡಗಿದರು. ನನಗೆಲ್ಲಿಯ ತಾಳ್ಮೆ? ಬಿದ್ದು ಬಿದ್ದು ನಕ್ಕೆ. "ಅತ್ತೆ, ಇದು ಡೈಮಂಡ್!"

ಅತ್ತೆ ಆ ಎಲೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರು. "ಆದ್ರೇನೀಗ? ಕಲರ್ ಅಂದ್ರೆ ಬಣ್ಣ ತಾನೆ? ಎಲ್ಲಾ ಕೆಂಪೇ ಅಲ್ವಾ?"

ಹೊಸದರಲ್ಲಿ ಐದು ಕೆಂಪೆಲೆ ಹಾಸಿ ಕುಣಿದಿದ್ದವಳು ನಾನು. "ಕಲರ್ ಅಂದ್ರೆ ಬಣ್ಣ ಅಲ್ಲ ಕಣೇ, ಜಾತಿ," ಎಂದು ತಿದ್ದಿದವರು ಇವರೇ. ಮರೆಯುವ ಹೆಂಗಸಲ್ಲ. ಇತ್ತೀಚೆಗೆ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕೂಗುತ್ತಿದ್ದದ್ದನ್ನು ಅತ್ತೆಯ ದರ್ಪ ಎಂದುಕೊಂಡಿದ್ದೆ.

"ಕಣ್ಣು ಕಾಣ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ?" ಗದರಿಯೇ ಬಿಟ್ಟೆ.

"ಹೇಳಿದ್ರೆ ಕಿಟಕಿ ಜೊತೆ ಮಿಷಿನ್ನೂ ಹೋಗುತ್ತೆ," ಎಂದರು ಅತ್ತೆ. "ಇನ್ನು ಸಾಕು, ಸುಮ್ನೆ ಕೂತ್ಕೊಳ್ಳಿ ಅಂತೀರಿ."

ಮಾವನ ಕೈ ನಿಂತಿತು. ಸಂಕಟವಾದಾಗ ನನಗೆ ಬರುವುದು ಜಗಳವೊಂದೇ.

"ಗೆದ್ದೋಳು ನಾನು. ಕಿಟಕಿ ನಂದು. ಅಲ್ಲಿ ಯಾರು ಕೂರ್ಬೇಕು ಅಂತ ಹೇಳೋಳೂ ನಾನೇ. ನೀವು ಅಲ್ಲಿಂದ ಏಳೋ ಹಾಗಿಲ್ಲ. ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋದು, ತಿಳೀತಾ?"

"ಅಬ್ಬಬ್ಬಾ, ಒಂದಾಟ ಗೆದ್ದಿದ್ದಕ್ಕೆ ಎಷ್ಟು ಜಂಬ!" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಾವನ ಕಡೆ ತಿರುಗಿದರು. "ಹಂಚ್ರೀ ಇನ್ನೊಂದ್ಸಲ."

ಮಾವ ಹಂಚಿದರು. ಅತ್ತೆ ಮತ್ತೆ ಒಂದೇ ಎಲೆ ಬದಲಿಸಿ, ಬಂದದ್ದನ್ನು ಬಹಳ ಹೊತ್ತು ನೋಡಿದರು. ನಾನು ಈ ಮನೆಗೆ ಬಂದಾಗಿನಿಂದ ತಮ್ಮ ಎಲೆಯ ಅಂಚನ್ನೂ ನನಗೆ ಕಾಣಗೊಡದವರು, ಅದನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ನೋಡಿ ಹೇಳು. ಆಟಿನ್ನಾ, ಡೈಮಂಡಾ?"

"ಆಟಿನ್, ಅತ್ತೆ," ಎಂದೆ.