ಕಿವಿಯ ಗುರುತು

ಚರ್ಚಿನಲ್ಲಿ ಮುಂದಿನ ಸಾಲಿನವರು ರೊಟ್ಟಿ, ದ್ರಾಕ್ಷಾರಸಕ್ಕೆ ಮೊಣಕಾಲೂರಿದಾಗ ಸುಂದರಮ್ಮನ ಅಂಗೈ ಬೆವೆತಿತ್ತು. ಯಾರಿಗಾದರೂ ತಪ್ಪು ಮಾಡಿದ್ದರೆ ಮೊದಲು ಅವರ ಹತ್ತಿರ ಹೋಗಿ ಬನ್ನಿ, ಕರ್ತನ ಭೋಜನ ಆಮೇಲೆ ಎಂದು ಪಾದ್ರಿ ಅಯ್ಯನವರು ಆಗಷ್ಟೇ ಹೇಳಿದ್ದರು. ಪ್ರತಿ ಸಲ ಹೇಳುವ ಮಾತೇ. ಇವತ್ತು ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಯಿತು.

ದೀಪಾವಳಿಯ ಸುಮಾರಿಗೆ ಕುರಿಗಾರ ಬೀರಣ್ಣನ ಗಬ್ಬದ ಕುರಿಯೊಂದು ಅವಳ ಕುರಿಗಳ ಬೆನ್ನು ಹತ್ತಿ ಹಟ್ಟಿಗೆ ಬಂದಿತ್ತು. ಬೀರಣ್ಣನ ಕುರಿಗಳ ಗುರುತು ಎಡಗಿವಿಯ ತುದಿಯಲ್ಲಿ ಒಂದು ಸೀಳು. ಸುಂದರಮ್ಮ ಆ ತುದಿಯನ್ನೇ ಕತ್ತರಿಸಿ ಅರಿಶಿಣ ಒತ್ತಿದಳು. ಕುರಿ ಅವಳದಾಯಿತು, ಮರಿಯನ್ನೂ ಹಾಕಿತು. ಅಂದಿನಿಂದ ದಿನಾ ಕಣ್ಣೀರು ಸುರಿಸಿ ದೇವರಲ್ಲಿ ಕ್ಷಮೆ ಬೇಡಿದ್ದೇ ಬೇಡಿದ್ದು. ಎಂಥ ಜಾಣೆ ನೋಡಿ, ಕುರಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಅವಳ ಸಾಲಿನ ಸರದಿ ಬಂತು. ಸುಂದರಮ್ಮ ಎದ್ದವಳು ಹಿಂದಿನ ಬಾಗಿಲಿನಿಂದ ಹೊರಗೆ ನಡೆದಳು.

ಮರಿಯನ್ನು ಎತ್ತಿಕೊಂಡು, ಕುರಿಯನ್ನು ಎಳೆದುಕೊಂಡು ಹೋದಾಗ ಬೀರಣ್ಣನ ಹೆಂಡತಿ ಅಂಬವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಅಂಬಕ್ಕ, ಇದು ನಿಮ್ಮ ಕುರಿ. ಕಿವಿ ನಾನೇ ಕೊಯ್ದೀನಿ. ಮಾಫ್ ಮಾಡು."

ಬೈಗುಳಕ್ಕೆ ಕಾದು ಸುಂದರಮ್ಮ ತಲೆ ತಗ್ಗಿಸಿ ನಿಂತಳು. ಅಂಬವ್ವ ಮೊಂಡು ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

"ಅವತ್ತ ಕುರಿ ಕಾಯಾಕ ಹೋಗಿದ್ದಾಕಿ ನನ್ನ ಸೊಸಿ. ಕಳ್ಳಿ, ನಿನ್ನ ತವರಿಗೆ ಸಾಗಿಸೀದಿ ಅಂತ ಬೈದ ಬೈದ ಸುರಪುರಕ್ಕ ಅಟ್ಟೀನಿ. ಮಾಫ್ ಮಾಡೂದು ನನ್ನ ಕೈಯಾಗಿಲ್ಲ ಸುಂದರವ್ವ. ಕವಿತಾನ ಕೈಯಾಗ ಅದ."

ಕವಿತಾ ತವರಿಗೆ ಹೋಗಿದ್ದು ಸುಂದರಮ್ಮನಿಗೆ ಗೊತ್ತಿತ್ತು. ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ.

ಸುರಪುರಕ್ಕೆ ತಾನೇ ಹೋಗುತ್ತೇನೆ ಎಂದಳು. ನೀನೊಬ್ಬಳೇ ಹೋದರೆ ನನ್ನ ಬಾಯಿ ಮಾಡಿದ ತಪ್ಪು ಯಾರು ಹೇಳಬೇಕು ಎಂದು ಅಂಬವ್ವ ಸೀರೆ ಬದಲಿಸಿ ಬಂದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿಗೆ ಕೂತರು. ಕವಿತಾ ಬಾಗಿಲು ಹಾಕಿಕೊಂಡರೆ? ಅವಳಪ್ಪ ಓಣಿಯ ಜನರನ್ನು ಕೂಡಿಸಿದರೆ? ಸುಂದರಮ್ಮ ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದಳು.

ಭೀಮರಾಯನಗುಡಿ ದಾಟಿದ ಮೇಲೆ ಅಂಬವ್ವ ಅವಳ ಮೊಣಕೈ ತಿವಿದಳು. ಇಷ್ಟು ವರ್ಷ ಬೈದೇ ಬದುಕಿದ ಆ ದನಿ ಮೆತ್ತಗಾಗಿತ್ತು.

"ನಾ ಯಾರಿಗೂ ಮಾಫಿ ಕೇಳಿದಾಕಿ ಅಲ್ಲ. ನೀವು ಚರ್ಚಿನ್ಯಾಗ ದಿನಾ ಕೇಳ್ತೀರಿ. ಮೊದಲು ಏನಂತ ಅನಬೇಕು, ಹೇಳಿಕೊಡು."

ಸುಂದರಮ್ಮ ದೇವರ ಮುಂದೆ ದಿನಾ ಆಡಿದ ಮಾತುಗಳಲ್ಲಿ ಕವಿತಾಳ ಮುಂದೆ ಆಡುವಂಥದ್ದು ಒಂದೂ ಇರಲಿಲ್ಲ. ಅವಳು ಅಂಬವ್ವನ ಕೈ ಹಿಡಿದುಕೊಂಡಳು. ಆ ಕೈಯೂ ಬೆವೆತಿತ್ತು.